ಮಠದ ಅಂಗಳದಲ್ಲಿ ಬೈಕಿಗೆ ಜಾಗವಿದೆ, ಅಕ್ಕಂದಿರ ಸೈಕಲ್ಲಿಗೆ ಯಾಕಿಲ್ಲ?



ಹೋದ ವರ್ಷ ಶ್ರಾವಣ ಶುರುವಾಗುವ ಮೊದಲು ನಾನು ಮತ್ತು ನಮ್ಮ ಓಣಿಯ ಮೂವರು ಹೆಣ್ಣುಮಕ್ಕಳು ಒಂದು ಮಠಕ್ಕೆ ಹೋಗಿದ್ದೆವು. ನಮ್ಮ ಬೇಡಿಕೆ ಸಣ್ಣದಿತ್ತು. ಶ್ರಾವಣದ ಒಂದು ತಿಂಗಳು ಮುಂಜಾನೆ ಆರರಿಂದ ಏಳರವರೆಗೆ ಮಠದ ಅಂಗಳ ನಮಗೆ ಬೇಕು, ಅಲ್ಲಿ ಶಹಾಬಜಾರದ ಹೆಣ್ಣುಮಕ್ಕಳಿಗೆ ಸೈಕಲ್ ಕಲಿಸುತ್ತೇವೆ ಎಂದೆವು. ಸೈಕಲ್ಲು ನಾವೇ ತರುತ್ತೇವೆ, ಕಲಿತಾದ ಮೇಲೆ ಅಂಗಳ ನಾವೇ ಗುಡಿಸುತ್ತೇವೆ, ಮಠದಿಂದ ಒಂದು ರೂಪಾಯಿ ಕೇಳುವುದಿಲ್ಲ ಎಂದೂ ಹೇಳಿದೆವು.

ಸಮಿತಿಯ ಹಿರಿಯರು ಆದರದಿಂದ ಕೂಡಿಸಿ ಚಹಾ ಕೊಟ್ಟರು. ಎಲ್ಲ ಕೇಳಿದ ಮೇಲೆ ಹೇಳಿದರು: "ಅಕ್ಕೋರೇ, ನೀವು ಶಾಣ್ಯಾ ಮಂದಿ ಇದ್ದೀರಿ. ಮಠದ ಅಂಗಳದಾಗ ಹೆಣ್ಮಕ್ಕಳು ಸೈಕಲ್ ಮ್ಯಾಲಿಂದ ಬೀಳೋದು ಏಳೋದು ಮಾಡಿದ್ರ ನೋಡಿದ ಮಂದಿ ಏನಂದಾರು? ಮನಿ ಹೆಣ್ಮಕ್ಕಳ ಮರ್ಯಾದಿ ನೋಡ್ರಿ ಇದು."

ಅದೇ ವಾರ ಸಂಜೆ ಪ್ರವಚನಕ್ಕೆ ಹೋದೆ. ವಿಷಯ ಅಕ್ಕಮಹಾದೇವಿಯ ಜೀವನ. ಅಂಗಳದ ತುಂಬ ಬೈಕುಗಳು ನಿಂತಿದ್ದವು. ನಾನು ಮೇಷ್ಟರಗಿರಿ ಮಾಡಿದವಳು, ಎಣಿಸುವ ಚಟ ಬಿಟ್ಟಿಲ್ಲ. ಎಣಿಸಿದೆ, 62 ಬೈಕು. ಹೆಣ್ಣುಮಕ್ಕಳು ಆ ಬೈಕುಗಳ ಸಂದಿಯಲ್ಲಿ ಸೀರೆ ಎತ್ತಿ ಹಿಡಿದು ಒಬ್ಬರ ಹಿಂದೆ ಒಬ್ಬರು ದಾಟಿ ಒಳಗೆ ಹೋಗುತ್ತಿದ್ದರು. ಒಳಗೆ ಸ್ವಾಮಿಗಳು, ಉಡುತಡಿಯಿಂದ ಕಲ್ಯಾಣದವರೆಗೆ ಒಬ್ಬಳೇ ನಡೆದು ಬಂದ ಅಕ್ಕನ ಧೈರ್ಯವನ್ನು ಮನ ಮುಟ್ಟುವಂತೆ ವರ್ಣಿಸುತ್ತಿದ್ದರು. ಕೇಳುತ್ತ ಕುಳಿತ ನನಗೆ ಕಣ್ಣೀರು ಬಂತು. ಅದು ಭಕ್ತಿಯ ಕಣ್ಣೀರಾಗಿರಲಿಲ್ಲ.

ಮಠದ ಹೆಸರು ನಾನು ಬರೆಯುವುದಿಲ್ಲ. ಒಂದೇ ಮಠದ ಮಾತಾಗಿದ್ದರೆ ಅಲ್ಲಿಯೇ ಕೂತು ಮಾತಾಡಿ ಮುಗಿಸುತ್ತಿದ್ದೆ, ಪತ್ರಿಕೆಗೆ ಬರೆಯುವ ಅಗತ್ಯ ಇರಲಿಲ್ಲ. ಆ ಹಿರಿಯರು ಆಡಿದ್ದು ನಮ್ಮ ಮನೆ ಮನೆಯ ಮಾತು. ನನ್ನ ಮನೆಯ ಮಾತೂ ಹೌದು.

ಚಾರಾಣೆಗೆ ಒಂದು ತಾಸು

ನನಗೀಗ 63 ವರ್ಷ. ಹುಟ್ಟಿದ್ದು, ಬೆಳೆದದ್ದು ಶಹಾಬಜಾರದಲ್ಲಿ. ಅಪ್ಪ ಗಂಜಿನಲ್ಲಿ ಒಂದು ಅಡತಿ ಅಂಗಡಿಯ ಮುನೀಮ. 1974ರಲ್ಲಿ ನನಗೆ ಹನ್ನೆರಡು. ನಮ್ಮ ಓಣಿಯ ಬಾಯಲ್ಲಿ ಬಾಡಿಗೆ ಸೈಕಲ್ ಅಂಗಡಿ ಇತ್ತು, ಚಾರಾಣೆಗೆ ಒಂದು ತಾಸು ಸೈಕಲ್ ಕೊಡುತ್ತಿದ್ದರು. ಕಾಕಾನ ಮಗ ಹಿಂದೆ ಹಿಡಿದುಕೊಂಡು ಓಡುತ್ತಿದ್ದ, ನಾನು ಡಂಡಿಯ ಸಂದಿಯಲ್ಲಿ ಕಾಲು ತೂರಿಸಿ ಅರ್ಧ ಪೆಡಲ್ ಹೊಡೆಯುತ್ತಿದ್ದೆ. ಎಂಟು ದಿನದಲ್ಲಿ ಕಲಿತೆ. ಮೊಣಕಾಲಿನ ಗಾಯದ ಕಲೆ ಈಗಲೂ ಇದೆ.

ಆಮೇಲೆ ಆರು ತಿಂಗಳು ಅಪ್ಪನ ಮಧ್ಯಾಹ್ನದ ಬುತ್ತಿಯನ್ನು ನಾನೇ ಗಂಜಿಗೆ ಒಯ್ದೆ. ಕ್ಯಾರಿಯರಿಗೆ ಬುತ್ತಿ ಕಟ್ಟಿಕೊಂಡು, ತೊಗರಿ ಚೀಲ ತುಂಬಿದ ಬಂಡಿಗಳ ಪಕ್ಕದಿಂದ ಗಂಟೆ ಬಾರಿಸುತ್ತ ಹೋಗುತ್ತಿದ್ದೆ. ಹಮಾಲರು "ಮುನೀಮರ ಮಗಳು ಬಂದ್ಳು, ದಾರಿ ಬಿಡ್ರಿ" ಎಂದು ನಗುತ್ತಿದ್ದರು. ಯಾರೂ ಮರ್ಯಾದೆಯ ಮಾತು ಎತ್ತಿರಲಿಲ್ಲ.

ಮುಂದೆ ನಾನು ದೊಡ್ಡವಳಾದೆ. ಮೂಲೆಗೆ ಕೂಡಿಸಿದರು, ಆರತಿ ಮಾಡಿದರು, ಉಡಿ ತುಂಬಿದರು. ಎದ್ದು ಬಂದ ಮರುದಿನ ಬುತ್ತಿ ಕಟ್ಟಲು ಹೋದರೆ ಆಯಿ ಕೈ ಹಿಡಿದಳು. "ಇನ್ನ ಸೈಕಲ್ ಸಾಕು ಬೇ. ಹೆಣ್ಣಿನ ಒಡಲು ಕೆಡತಾದ." ಬುತ್ತಿಯ ಕೆಲಸ ತಮ್ಮನಿಗೆ ಹೋಯಿತು. ಅವನಿಗೆ ಒಂಬತ್ತು ವರ್ಷ, ಸೈಕಲ್ ಇನ್ನೂ ಸರಿಯಾಗಿ ಬರುತ್ತಿರಲಿಲ್ಲ. ಎರಡು ಸಲ ಸಾರು ಚೆಲ್ಲಿಕೊಂಡು ಬಿದ್ದು ಬಂದ. ಆದರೂ ಅವನೇ ಹೋಗಬೇಕು, ನಾನು ಹೋಗಬಾರದು.

ಆಯಿಯನ್ನು ನಾನು ದೂರುವುದಿಲ್ಲ. ಯಾಕೆಂದರೆ 2001ರಲ್ಲಿ, ಸರ್ಕಾರಿ ಪ್ರೌಢಶಾಲೆಯ ಶಿಕ್ಷಕಿಯಾಗಿ, ವಚನ ಸ್ಪರ್ಧೆಗೆ ಮಕ್ಕಳನ್ನು ತಯಾರು ಮಾಡುತ್ತಿದ್ದ ನಾನೇ ನನ್ನ ಮಗಳಿಗೆ ಅದೇ ಮಾತು ಹೇಳಿದೆ. ಆಗ ಅವಳಿಗೆ ಹದಿಮೂರು. "ಇನ್ನು ಸಾಕು, ಆಟೋದಲ್ಲಿ ಹೋಗು" ಎಂದೆ. ಅವಳು "ಯಾಕವ್ವಾ?" ಎಂದು ಕೇಳಿದಳು. ಉತ್ತರ ನನ್ನ ಹತ್ತಿರ ಇರಲಿಲ್ಲ. "ಟ್ರಾಫಿಕ್ ಭಾಳ ಆಗೇದ" ಎಂದು ಸುಳ್ಳು ಹೇಳಿದೆ. ಅವಳು ಆ ಸೈಕಲ್ ಮತ್ತೆ ಮುಟ್ಟಲಿಲ್ಲ.

ಬೇರೆ ವೇಷದಲ್ಲಿ ಬಂದ ಸೂತಕ

ಆ ಸುಳ್ಳಿನ ಬಗ್ಗೆ ನಾನು ಬಹಳ ವರ್ಷ ಯೋಚಿಸಿದ್ದೇನೆ. ಹತ್ತು ವರ್ಷದ ಹುಡುಗಿಯನ್ನು ಸೈಕಲ್ಲಿನಿಂದ ನಾವು ಇಳಿಸುವುದಿಲ್ಲ. ಹನ್ನೆರಡು, ಹದಿಮೂರಕ್ಕೆ ಇಳಿಸುತ್ತೇವೆ. ಆ ಎರಡು ವರ್ಷದಲ್ಲಿ ರಸ್ತೆ ಬದಲಾಗಿಲ್ಲ. ಲಾರಿ ಬದಲಾಗಿಲ್ಲ. ಆಳಂದ ನಾಕಾದ ಗದ್ದಲ ಅಷ್ಟೇ ಇದೆ. ಹುಡುಗಿ ಮೊದಲಿಗಿಂತ ಚೆನ್ನಾಗಿಯೇ ಸೈಕಲ್ ಹೊಡೆಯುತ್ತಾಳೆ. ಬದಲಾದದ್ದು ಒಂದೇ, ಅವಳಿಗೆ ಮುಟ್ಟು ಶುರುವಾಗಿದೆ. ಹಾಗಾದರೆ ಕಾರಣ ರಸ್ತೆಯೋ, ಮುಟ್ಟೋ? ನೀವೇ ಹೇಳಿ.

ಪಂಚಸೂತಕಗಳು ನಮಗಿಲ್ಲ ಎಂದು ನಾವು ಎದೆ ತಟ್ಟಿ ಹೇಳುತ್ತೇವೆ. ಜನನ, ಮರಣ, ರಜಸ್ಸು, ಎಂಜಲು, ಜಾತಿ, ಈ ಐದನ್ನೂ ಶರಣರು ಹನ್ನೆರಡನೆಯ ಶತಮಾನದಲ್ಲೇ ನಿರಾಕರಿಸಿದರು. ಮುಟ್ಟಾದ ದಿನವೂ ಹೆಣ್ಣಿನ ಕೊರಳಿನ ಇಷ್ಟಲಿಂಗ ಕೊರಳಲ್ಲೇ ಇರುತ್ತದೆ, ಪೂಜೆ ನಿಲ್ಲುವುದಿಲ್ಲ. ಬೇರೆ ಕಡೆ ಗುಡಿಯ ಬಾಗಿಲು ಮುಚ್ಚುವ ದಿನಗಳಲ್ಲಿ ನಮ್ಮ ಧರ್ಮ ಅಂಗೈಯಲ್ಲೇ ಲಿಂಗ ಇಟ್ಟಿತು. ಇಷ್ಟು ದೊಡ್ಡ ಮಾತನ್ನು ಒಪ್ಪಿದ ನಾವು, ಹುಡುಗಿ ದೊಡ್ಡವಳಾದಳೆಂದು ಸೈಕಲ್ಲಿನಿಂದ ಇಳಿಸುತ್ತೇವೆ. ಪೂಜೆಯ ಕೋಣೆಯಿಂದ ಹೊರಗೆ ಹಾಕಿದ ರಜಸ್ಸೂತಕವನ್ನು ಸೈಕಲ್ಲಿನ ಸೀಟಿನ ಮೇಲೆ ತಂದು ಕೂಡಿಸಿದ್ದೇವೆ.

"ಒಡಲು ಕೆಡುತ್ತದೆ, ಮಕ್ಕಳಾಗುವುದಿಲ್ಲ" ಎಂಬುದು ನಮ್ಮ ಆಯಿಯ ಕಾಲದ ಮಾತು ಎಂದು ತಿಳಿಯಬೇಡಿ. ಇಂದಿಗೂ ಓಣಿಯ ಕಟ್ಟೆಯ ಮೇಲೆ ಅದು ನಡೆದಿದೆ. ಇದು ನಮ್ಮ ನಾಡಿನ ಮೂಢನಂಬಿಕೆ ಮಾತ್ರವೂ ಅಲ್ಲ. 1890ರ ದಶಕದಲ್ಲಿ ಅಮೆರಿಕ, ಇಂಗ್ಲೆಂಡುಗಳಲ್ಲಿ ಹೆಂಗಸರು ಸೈಕಲ್ ಏರತೊಡಗಿದಾಗ ಅಲ್ಲಿನ ಎಷ್ಟೋ ಡಾಕ್ಟರರು ಇದೇ ರಾಗ ಹಾಡಿದರು. ಗರ್ಭಕೋಶ ಜಾರುತ್ತದೆ ಎಂದರು. ಹ್ಯಾಂಡಲ್ ಬಿಗಿ ಹಿಡಿದು ಹೆಂಗಸರ ಮುಖವೇ ವಿಕಾರವಾಗುತ್ತದೆ ಎಂದು ಹೇಳಿ, ಅದಕ್ಕೆ "ಸೈಕಲ್ ಮುಖ" ಎಂದು ಒಂದು ರೋಗದ ಹೆಸರನ್ನೂ ಇಟ್ಟರು. ಮುಖವೂ ಕೆಡಲಿಲ್ಲ, ಒಡಲೂ ಕೆಡಲಿಲ್ಲ. ಅದೇ ಕಾಲದಲ್ಲಿ ಅಮೆರಿಕದ ಪಾನನಿಷೇಧ ಚಳವಳಿಯ ನಾಯಕಿ ಫ್ರಾನ್ಸಿಸ್ ವಿಲ್ಲರ್ಡ್ 53ನೆಯ ವಯಸ್ಸಿನಲ್ಲಿ ಸೈಕಲ್ ಕಲಿತು, ಕಲಿತ ಬಗೆಯ ಮೇಲೆ 1895ರಲ್ಲಿ ಪುಸ್ತಕ ಬರೆದರು. "ನಮಗೀಗ ವಯಸ್ಸಾತು ಬಿಡ್ರಿ" ಎನ್ನುವ ನಮ್ಮ ನಲವತ್ತರ ಅಕ್ಕಂದಿರಿಗೆ ನಾನು ಈ ಮಾತು ಹೇಳುತ್ತಿರುತ್ತೇನೆ.

ಇನ್ನೊಂದು ಭಯ ಇದೆ. ಅದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಸೈಕಲ್ ಇದ್ದ ಹುಡುಗಿ ಎಲ್ಲಿಗೆ ಹೋದಳು, ಯಾವಾಗ ಬಂದಳು ಎಂದು ಕಾಯಲು ಬರುವುದಿಲ್ಲ ಎಂಬ ಭಯ ಅದು. ಮರ್ಯಾದೆ ಎಂಬ ಮಾತಿನ ಒಳಗೆ ಕೂತಿರುವುದು ಇದೇ. ಶಾಲೆಗೆ, ಕಾಲೇಜಿಗೆ, ಅಕ್ಕನ ಹೆಸರು, ನೀಲಮ್ಮನ ಹೆಸರು ಇಡುತ್ತೇವೆ. ಆ ಶಾಲೆಗೆ ಹೋಗುವ ಹುಡುಗಿಯನ್ನು ನಾಲ್ಕು ಹೆಜ್ಜೆ ಒಬ್ಬಳೇ ಬಿಡುವುದಿಲ್ಲ. ಕಲ್ಯಾಣದ ಕ್ರಾಂತಿಯ ನಂತರ ಉಳವಿಯ ದಾರಿ ಹಿಡಿದ ಶರಣರ ಜೊತೆ ಅಕ್ಕನಾಗಮ್ಮ ಇದ್ದಳು. ಸೈನ್ಯ ಬೆನ್ನಟ್ಟಿದ ದಾರಿ ಅದು. ಅವಳ ಹೆಸರು ಹೇಳಿಕೊಳ್ಳುವ ನಾವು ಹುಮನಾಬಾದ ಬೇಸಿನವರೆಗೆ ಮಗಳನ್ನು ಕಳಿಸಲು ಹೆದರುತ್ತೇವೆ.

ತಮ್ಮನ ಕಾಲಡಿಗೆ ಹೋದ ಸರ್ಕಾರಿ ಸೈಕಲ್

"ಸರ್ಕಾರ ಸೈಕಲ್ ಕೊಟ್ಟಿತಲ್ಲ, ಇನ್ನೇನು ಬೇಕು?" ಎಂದು ಕೇಳುವವರಿದ್ದಾರೆ. ಕೊಟ್ಟಿತು. 2006–07ರಲ್ಲಿ ನಮ್ಮ ರಾಜ್ಯ ಸರ್ಕಾರ 8ನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಯೋಜನೆ ತಂದಿತು. ಮೊದಲು ಹೆಣ್ಣುಮಕ್ಕಳಿಗೆ, ಆಮೇಲೆ ಗಂಡುಮಕ್ಕಳಿಗೂ. ಆಗ ನಾನು ಆಳಂದ ರಸ್ತೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿದ್ದೆ. ಸೈಕಲ್ ಹಂಚಿದ ದಿನ ಆ ಹುಡುಗಿಯರ ಮುಖ ನೋಡಬೇಕಿತ್ತು. ಸೀಟಿನ ಪ್ಲಾಸ್ಟಿಕ್ ಹರಿಯದೆ ಹಾಗೆಯೇ ತಳ್ಳಿಕೊಂಡು ಹೋದರು. ತಳ್ಳಿಕೊಂಡು ಹೋದರು ಎಂದೆ, ಯಾಕೆಂದರೆ ಅರ್ಧಕ್ಕರ್ಧ ಹುಡುಗಿಯರಿಗೆ ಸೈಕಲ್ ಹೊಡೆಯಲು ಬರುತ್ತಲೇ ಇರಲಿಲ್ಲ. ಕಲಿಸುವುದು ಯಾರ ಕೆಲಸ ಎಂದು ಆದೇಶದಲ್ಲಿ ಬರೆದಿರಲಿಲ್ಲ.

ಮೂರು ತಿಂಗಳಾದ ಮೇಲೆ ತರಗತಿಯಲ್ಲಿ ಕೇಳಿದೆ: "ಸೈಕಲ್ ಮ್ಯಾಲ ಬರೋರು ಕೈ ಎತ್ರಿ." ಕೆಲವೇ ಕೈ ಎದ್ದವು. ಉಳಿದವರ ಸೈಕಲ್ ಎಲ್ಲಿ? ಒಬ್ಬಳದು ತಮ್ಮ ಹೊಡೆಯುತ್ತಿದ್ದ. ಒಬ್ಬಳದನ್ನು ಅಪ್ಪ ಹೊಲಕ್ಕೆ ಒಯ್ದು ಮೇವಿನ ಹೊರೆ ಹೇರುತ್ತಿದ್ದ. ಒಬ್ಬಳದು ಪಂಕ್ಚರ್ ಆಗಿ ಗೋಡೆಗೆ ಒರಗಿತ್ತು, ತೆಗೆಸಲು ಪೇಟೆಗೆ ಹೋಗಬೇಕು, ಯಾರು ಹೋಗಬೇಕು? ಒಬ್ಬಳು ತಲೆ ತಗ್ಗಿಸಿ ಕೂತಳು, ಅವಳ ಸೈಕಲ್ ಮಾರಿ ಆಗಿತ್ತು.

ಆದರೆ ಒಂದು ಸಂಗತಿ ನಾನು ಮರೆತಿಲ್ಲ. ಪಕ್ಕದ ತಾಂಡಾ ಮತ್ತು ಒಂದು ಸಣ್ಣ ಊರಿನಿಂದ ಏಳು ಹುಡುಗಿಯರು ಒಟ್ಟಿಗೆ ಬರುತ್ತಿದ್ದರು. ಮೊದಲು ಒಬ್ಬಳಿಗೆ ಬರುತ್ತಿತ್ತು. ಅವಳು ಉಳಿದ ಆರು ಮಂದಿಗೆ ಕಣದಲ್ಲಿ ಕಲಿಸಿದಳು. ಏಳು ಸೈಕಲ್ ಸಾಲಾಗಿ ಬರುವಾಗ ದಾರಿಯ ಪುಂಡರು ಬಾಯಿ ಮುಚ್ಚಿಕೊಂಡು ನಿಲ್ಲುತ್ತಿದ್ದರು. ಆ ಏಳೂ ಮಂದಿ 10ನೇ ತರಗತಿ ಮುಗಿಸಿದರು. ಒಂಟಿಯಾಗಿ ಸೈಕಲ್ ಪಡೆದ ಹುಡುಗಿಯರ ಸೈಕಲ್ ಮನೆಯವರ ಪಾಲಾಯಿತು. ಕೂಡಿ ಕಲಿತವರ ಸೈಕಲ್ ಅವರದೇ ಆಗಿ ಉಳಿಯಿತು.

ಕೊರೊನಾ ಬಂದಾಗ ಈ ಯೋಜನೆ ನಿಂತಿತು. ಶಾಲೆ ತೆರೆದ ಮೇಲೂ ವರ್ಷದ ಮೇಲೆ ವರ್ಷ 8ನೇ ತರಗತಿಯ ಹುಡುಗಿಯರು ಸೈಕಲ್ ಕಾಣದೆಯೇ 10 ದಾಟಿ ಹೋದರು, ಕೆಲವರು ದಾಟದೆಯೂ ಹೋದರು. ಇದಕ್ಕಾಗಿ ನಮ್ಮ ಯಾವ ಸಮಾವೇಶದಲ್ಲಿ ಒಂದು ನಿರ್ಣಯ ಆಗಿದೆ? ನಾನಂತೂ ಕೇಳಿಲ್ಲ.

ಪುದುಕ್ಕೋಟ್ಟೈ ತೋರಿಸಿದ ದಾರಿ

ಕೂಡಿ ಕಲಿತರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡ ಸಾಕ್ಷಿ ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿದೆ. ನಮ್ಮ ಕಲಬುರಗಿಯಂತೆಯೇ ಒಣ ಬೇಸಾಯದ, ಬಡತನದ ಜಿಲ್ಲೆ. 1990ರ ದಶಕದ ಆರಂಭದಲ್ಲಿ ಅಲ್ಲಿ ಅರಿವೊಳಿ ಎಂಬ ಸಾಕ್ಷರತಾ ಚಳವಳಿ ನಡೆಯಿತು. ಆಗಿನ ಜಿಲ್ಲಾಧಿಕಾರಿ ಶೀಲಾರಾಣಿ ಚುಂಕತ್ ಅಕ್ಷರದ ಜೊತೆಗೆ ಸೈಕಲ್ ಕಲಿಕೆಯನ್ನೂ ಸೇರಿಸಿದರು. ಕೂಲಿ ಹೆಂಗಸರು, ಕಲ್ಲುಗಣಿಯ ಹೆಂಗಸರು, ಅಂಗನವಾಡಿಯವರು, ನರ್ಸುಗಳು, ಶಿಕ್ಷಕಿಯರು ಎಲ್ಲ ಕಲಿತರು. ಪತ್ರಕರ್ತ ಪಿ. ಸಾಯಿನಾಥ್ ಅಲ್ಲಿಗೆ ಹೋಗಿ ಬರೆದಂತೆ, ಒಂದು ಲಕ್ಷಕ್ಕೂ ಹೆಚ್ಚು ಗ್ರಾಮೀಣ ಹೆಂಗಸರು ಸೈಕಲ್ ಏರಿದರು. 70,000ಕ್ಕೂ ಹೆಚ್ಚು ಹೆಂಗಸರು ಸಾರ್ವಜನಿಕ ಪ್ರದರ್ಶನ, ಸ್ಪರ್ಧೆಗಳಲ್ಲಿ ತಮ್ಮ ಕಲಿಕೆಯನ್ನು ಜನರ ಮುಂದೆ ತೋರಿಸಿದರು. 1992ರ ಮಹಿಳಾ ದಿನದಂದು ಹ್ಯಾಂಡಲ್ಲಿಗೆ ಬಾವುಟ ಕಟ್ಟಿಕೊಂಡು 1,500 ಹೆಂಗಸರು ಆ ಪಟ್ಟಣದಲ್ಲಿ ಮೆರವಣಿಗೆ ಹೊರಟರು.

ಅಲ್ಲಿ ಬೈಗುಳ, ಗೇಲಿ ಇರಲಿಲ್ಲವೇ? ಬೇಕಾದಷ್ಟಿತ್ತು. ಆದರೆ ಚಳವಳಿ ಅವರ ಬೆನ್ನಿಗಿತ್ತು. ಕದ್ದು ಕಲಿಯುವ ಸ್ಥಿತಿ ಇರಲಿಲ್ಲ, ಊರ ನಡುವೆ ಕಲಿತರು. ಲೇಡೀಸ್ ಸೈಕಲ್ ಅಂಗಡಿಯಲ್ಲಿ ಮುಗಿದುಹೋದಾಗ ಗಂಡಸರ ಸೈಕಲ್ಲನ್ನೇ ಕೊಂಡರು. ಡಂಡಿಯ ಮೇಲೆ ಮಗುವನ್ನು ಕೂಡಿಸಬಹುದು ಎಂದು ಅದನ್ನೇ ಇಷ್ಟಪಟ್ಟವರೂ ಇದ್ದರು. ಬಾವಿಯಿಂದ ನೀರು, ಸಂತೆಗೆ ಸರಕು, ಶಾಲೆಗೆ ಮಗು, ಯಾವುದಕ್ಕೂ ಗಂಡನ ದಾರಿ ಕಾಯುವ ಸಂಕಟ ಕಡಿಮೆಯಾಯಿತು.

ಬಿಹಾರದ ಲೆಕ್ಕವನ್ನೂ ಕೇಳಿ. ಅಲ್ಲಿ 2006ರಲ್ಲಿ, 9ನೇ ತರಗತಿ ಸೇರಿದ ಹುಡುಗಿಯರಿಗೆ ಸೈಕಲ್ಲಿಗೆಂದು 2,000 ರೂಪಾಯಿ ಕೊಡುವ ಯೋಜನೆ ಬಂತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಅದನ್ನು ಅಧ್ಯಯನ ಮಾಡಿ 2017ರಲ್ಲಿ ಪ್ರಕಟಿಸಿದರು. ಪ್ರೌಢಶಾಲೆ ಸೇರುವ ಹುಡುಗಿಯರ ಪ್ರಮಾಣ 32 ಪ್ರತಿಶತ ಏರಿತು, ಹುಡುಗ ಹುಡುಗಿಯರ ನಡುವಿನ ಅಂತರ 40 ಪ್ರತಿಶತ ಇಳಿಯಿತು. ಶಾಲೆ ಮೂರು ಕಿಲೋಮೀಟರಿಗಿಂತ ದೂರ ಇದ್ದ ಊರುಗಳಲ್ಲಿ ಈ ಲಾಭ ಹೆಚ್ಚು. ಹುಡುಗಿಯನ್ನು ಶಾಲೆ ಬಿಡಿಸುತ್ತಿದ್ದದ್ದು ದಡ್ಡತನ ಅಲ್ಲ, ದಾರಿ.

ಬಸ್ಸು ಪುಕ್ಕಟೆ, ಸ್ಕೂಟಿ ಇದೆ ಎನ್ನುವವರಿಗೆ

"ಈಗ ಬಸ್ ಪುಕ್ಕಟೆ ಅದ, ಸೈಕಲ್ ಯಾಕ?" ಎನ್ನುತ್ತಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು, ಹೆಣ್ಣುಮಕ್ಕಳು ಹೊರಬಿದ್ದರು, ನಾನು ಅದನ್ನು ಮನಸಾರೆ ಮೆಚ್ಚುತ್ತೇನೆ. ಆದರೆ ಬಸ್ಸು ದೊಡ್ಡ ರಸ್ತೆಯವರೆಗೆ ಮಾತ್ರ, ಅದರ ಹೊತ್ತಿಗೆ ಮಾತ್ರ. ಕಮಲಾಪುರದ ಕೆಂಪು ಬಾಳೆ ತೋಟಕ್ಕೆ ಕೂಲಿಗೆ ಹೋಗುವವಳು ಕ್ರಾಸಿನಲ್ಲಿ ಇಳಿದು ಒಳಗೆ ನಡೆಯಲೇಬೇಕು. ಶಹಾಬಜಾರದಿಂದ ಕಪನೂರಿನ ದಾಲ್ ಮಿಲ್ಲಿಗೆ ಬೆಳಗಿನ ಪಾಳಿಗೆ ಹೋಗುವವಳಿಗೆ ಅವಳ ಹೊತ್ತಿಗೆ ಬಸ್ಸಿಲ್ಲ. ನಡೆದರೆ ಒಂದು ತಾಸು ಹಿಡಿಯುವ ದಾರಿ ಸೈಕಲ್ಲಿನಲ್ಲಿ ಇಪ್ಪತ್ತು ನಿಮಿಷ. ದಿನಕ್ಕೆ ಉಳಿಯುವ ಆ ಸಮಯ ಅವಳ ನಿದ್ದೆಯದು, ಅವಳ ಮಗುವಿನದು. ಕಾಯಕ ದೊಡ್ಡದು ಎಂದು ಬೋಧಿಸುವವರು ಕಾಯಕಕ್ಕೆ ಹೋಗುವ ದಾರಿಯ ಬಗ್ಗೆಯೂ ಒಂದು ಮಾತು ಹೇಳಬೇಕಲ್ಲವೇ?

"ಸ್ಕೂಟಿ ಇದೆಯಲ್ಲ" ಎನ್ನುವವರು ಉಳ್ಳವರು. ಸ್ಕೂಟಿಗೆ ಲಕ್ಷದ ಹತ್ತಿರ ಹಣ ಬೇಕು, ಲೈಸೆನ್ಸ್ ಬೇಕು, ಲೈಸೆನ್ಸಿಗೆ ವಯಸ್ಸಾಗಬೇಕು, ದಿನಾ ಪೆಟ್ರೋಲ್ ಬೇಕು. ಮನೆಯಲ್ಲಿ ಒಂದೇ ಗಾಡಿ ಇದ್ದರೆ ಅದರ ಕೀಲಿ ಯಾರ ಜೇಬಿನಲ್ಲಿರುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ಹದಿಮೂರರಿಂದ ಹದಿನೆಂಟರವರೆಗೆ, ಶಾಲೆ ಬಿಡಿಸುವ ಆ ವಯಸ್ಸಿನಲ್ಲಿ, ಹುಡುಗಿಗೆ ದಕ್ಕುವ ಗಾಡಿ ಸೈಕಲ್ ಒಂದೇ.

"ರಸ್ತೆ ಸರಿ ಇಲ್ಲ, ಬಿಸಿಲು ಕೆಟ್ಟದು" ಎಂಬುದು ನಿಜ. ನಮ್ಮ ಬೇಸಿಗೆಯಲ್ಲಿ ಪಾರಾ 42 ದಾಟುತ್ತದೆ, ಮಧ್ಯಾಹ್ನ ಸೈಕಲ್ ಹೊಡೆಯಲು ಆಗುವುದಿಲ್ಲ. ನಾಯಿಗಳಿವೆ, ತಗ್ಗುಗಳಿವೆ, ಬೀದಿದೀಪ ಹೋಗಿರುತ್ತವೆ. ಆದರೆ ಅದೇ ಬಿಸಿಲಿನಲ್ಲಿ, ಅದೇ ರಸ್ತೆಯಲ್ಲಿ ನಮ್ಮ ಹೆಣ್ಣುಮಕ್ಕಳು ತಲೆಯ ಮೇಲೆ ಹೊರೆ ಹೊತ್ತು ನಡೆಯುವಾಗ ಯಾರಿಗೂ ಕನಿಕರ ಬರಲಿಲ್ಲ. ಸೈಕಲ್ ಎಂದ ಕೂಡಲೇ ಎಲ್ಲರಿಗೂ ಬಿಸಿಲು ನೆನಪಾಯಿತು. ರಸ್ತೆ ಸರಿಯಿಲ್ಲದಿದ್ದರೆ ಪಾಲಿಕೆಯ ಮುಂದೆ ಕೂಡೋಣ, ನಾನು ಮೊದಲು ಬರುತ್ತೇನೆ. ಹುಡುಗಿಯನ್ನು ಮನೆಯಲ್ಲಿ ಕೂಡಿಸುವುದು ರಸ್ತೆ ರಿಪೇರಿ ಅಲ್ಲ.

ಯಾರ ಮಾತು ನಡೆಯುತ್ತದೆ?

ಸೈಕಲ್ ಕಂಪನಿಗಳೂ ಹೆಣ್ಣುಮಕ್ಕಳಿಗಾಗಿ ಜಾಹೀರಾತು ಮಾಡುತ್ತವೆ. ಗುಲಾಬಿ ಬಣ್ಣ, ಮುಂದೊಂದು ಬುಟ್ಟಿ, ನಗುವ ಪಟ್ಟಣದ ಹುಡುಗಿ. ಅದರಲ್ಲಿ ಇಳಕಲ್ ಸೀರೆ ಉಟ್ಟ ನಮ್ಮ ವೈನಿ ಇಲ್ಲ, ನೀಲಿ ಗುಲಾಬಿ ಸೀರೆಯ ಆಶಾ ಕಾರ್ಯಕರ್ತೆ ಇಲ್ಲ, ಮಿಲ್ಲಿನಲ್ಲಿ ಬೇಳೆ ಹಸನು ಮಾಡುವವಳು ಇಲ್ಲ. ಸೀರೆ ಚೈನಿಗೆ ಸಿಗದಂತೆ ಪೂರಾ ಚೈನ್ ಕವರ್, ಹಿಂದಿನ ಗಾಲಿಗೆ ಸೀರೆ ತಡೆಯುವ ಜಾಲರಿ ಇವೆ ಎಂದು ಅವಳಿಗೆ ಯಾರೂ ಹೇಳಿಲ್ಲ. ಸೈಕಲ್ ಎಂದರೆ ಶಾಲೆಯ ಹುಡುಗಿಯರ ಆಟಿಕೆ ಎಂದೇ ಅವಳು ತಿಳಿದಿದ್ದಾಳೆ.

ನಮ್ಮ ಭಾಗದಲ್ಲಿ ಟೀವಿಯ ಜಾಹೀರಾತಿಗಿಂತ ಹೆಚ್ಚು ನಡೆಯುವ ಮಾತು ಒಂದಿದೆ. ಅದು ಮಠದ ಕಟ್ಟೆಯ ಮೇಲಿನ ಮಾತು. ಹೋಳಿಯ ನಂತರ ಶರಣಬಸವೇಶ್ವರರ ತೇರಿಗೆ ಸೇರುವ ಮಂದಿಯನ್ನು ನೋಡಿ. ಶ್ರಾವಣದ ಪ್ರವಚನಕ್ಕೆ ತಿಂಗಳಿಡೀ ತಪ್ಪದೆ ಬರುವ ತಾಯಂದಿರನ್ನು ನೋಡಿ. ನಿಜಾಮರ ಆಳ್ವಿಕೆಯಲ್ಲಿ, ಹೆಣ್ಣಿಗೆ ಕನ್ನಡ ಅಕ್ಷರ ಸಿಗುವುದೇ ದುರ್ಲಭವಾಗಿದ್ದ 1930ರ ದಶಕದಲ್ಲಿ, ಕಲಬುರಗಿಯ ಶರಣಬಸವೇಶ್ವರ ಸಂಸ್ಥಾನದ ದೊಡ್ಡಪ್ಪ ಅಪ್ಪನವರು ಮಹಾದೇವಿಯ ಹೆಸರಿನಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. ಮಠ ಹೇಳಿತು ಎಂಬ ಒಂದೇ ಕಾರಣಕ್ಕೆ ಎಷ್ಟೋ ತಂದೆ ತಾಯಿ ಮಗಳನ್ನು ಹೊಸ್ತಿಲು ದಾಟಿಸಿದರು. ನಮ್ಮ ಮಠಗಳು ಹೆಣ್ಣಿಗೆ ಅಕ್ಷರ ಕೊಟ್ಟವು, ಹಾಸ್ಟೆಲ್ ಕೊಟ್ಟವು, ಕಾಲೇಜು ಕೊಟ್ಟವು. ಅಲ್ಲಿಗೆ ಹೋಗುವ ದಾರಿ ಒಂದು ಬಾಕಿ ಉಳಿಯಿತು.

ಆದ್ದರಿಂದ ನಾನು ಕೇಳುವುದು ಇಷ್ಟು.

ಒಂದು, ಪ್ರತಿ ಮಠವೂ ವರ್ಷಕ್ಕೆ ಒಂದು ತಿಂಗಳು, ಮುಂಜಾನೆ ಒಂದು ತಾಸು, ತನ್ನ ಅಂಗಳ ಅಥವಾ ತನ್ನ ಶಾಲೆಯ ಮೈದಾನವನ್ನು ಹೆಣ್ಣುಮಕ್ಕಳ ಸೈಕಲ್ ಕಲಿಕೆಗೆ ಬಿಡಲಿ. ಕಲಿಸುವವರು ಹೆಣ್ಣುಮಕ್ಕಳೇ ಇರಲಿ. ವಯಸ್ಸಿನ ಮಿತಿ ಬೇಡ, ಜಾತಿ ಕೇಳುವುದು ಬೇಡ, ನಮ್ಮ ಓಣಿಯ ಮುಸ್ಲಿಂ ತಂಗಿಯರೂ ಬರಲಿ.

ಎರಡು, ಭಕ್ತರ ಮನೆಗಳಲ್ಲಿ ತುಕ್ಕು ಹಿಡಿಯುತ್ತಿರುವ ಸೈಕಲ್ಲುಗಳನ್ನು ಮಠಕ್ಕೆ ಕೊಡಿ. ದಾಸೋಹ ಎಂದರೆ ಅನ್ನ ಮಾತ್ರ ಅಲ್ಲ. ಹತ್ತು ಹಳೆಯ ಸೈಕಲ್, ಒಂದು ಗಾಳಿ ಪಂಪು, ಪಂಕ್ಚರ್ ಹಾಕುವ ಸಾಮಾನು ಇದ್ದರೆ ಒಂದು ಮಠದ ಕಲಿಕೆ ನಡೆಯುತ್ತದೆ. ಪಂಕ್ಚರ್ ತೆಗೆಯುವುದನ್ನೂ ಹುಡುಗಿಯರಿಗೆ ಕಲಿಸಬೇಕು. ಇಲ್ಲದಿದ್ದರೆ ಮೊದಲ ಮುಳ್ಳಿಗೇ ಸೈಕಲ್ ಗೋಡೆಗೆ ಒರಗುತ್ತದೆ.

ಮೂರು, ಬಸವ ಜಯಂತಿಯ ಮೆರವಣಿಗೆಯಲ್ಲಿ ಯುವಕರ ಬೈಕ್ ರ್‍ಯಾಲಿ ಹೊರಡಿಸುತ್ತೀರಿ. ಅದರ ಮುಂದೆ ಹೆಣ್ಣುಮಕ್ಕಳ ಸೈಕಲ್ ಸಾಲು ಹೋಗಲಿ. ಆರತಿ ಹಿಡಿದು ನಡೆಯುವುದು ಅವರಿಗೆ ಗೊತ್ತಿದೆ, ಹ್ಯಾಂಡಲ್ ಹಿಡಿಯುವುದನ್ನೂ ಊರು ನೋಡಲಿ. ಜಾತ್ರೆಯ ಫ್ಲೆಕ್ಸಿನಲ್ಲಿ ಪುಢಾರಿಗಳ ಮುಖದ ಬದಲು ಸೈಕಲ್ ಏರಿದ ಒಬ್ಬ ಆಯಿಯ ಚಿತ್ರ ಹಾಕಿ ನೋಡಿ.

ನಾಲ್ಕು, ಸ್ವಾಮಿಗಳು ಪ್ರವಚನದಲ್ಲಿ ಬಾಯಿ ಬಿಟ್ಟು ಹೇಳಬೇಕು: ಮುಟ್ಟಾದ ಹುಡುಗಿ ಸೈಕಲ್ ಏರಬಾರದು ಎಂಬುದು ಸೂತಕದ ಮಾತು, ಲಿಂಗವಂತರ ಮನೆಯಲ್ಲಿ ಅದಕ್ಕೆ ಜಾಗವಿಲ್ಲ. ಈ ಒಂದು ವಾಕ್ಯ ಸ್ವಾಮಿಗಳ ಬಾಯಿಂದ ಬಂದರೆ ನಾನು ಹತ್ತು ವರ್ಷ ಬರೆದರೂ ಆಗದ ಕೆಲಸ ಒಂದು ಸಂಜೆಯಲ್ಲಿ ಆಗುತ್ತದೆ.

ಐದು, ಸರ್ಕಾರವನ್ನು ಕೇಳೋಣ. 371(ಜೆ) ನಮ್ಮ ಭಾಗಕ್ಕೆ ಬಂತು, ಕಲ್ಯಾಣ ಕರ್ನಾಟಕ ಮಂಡಳಿಗೆ ಸಾವಿರಾರು ಕೋಟಿ ಅನುದಾನ ಬರುತ್ತದೆ. ಅದರಲ್ಲಿ ಹೆಣ್ಣುಮಕ್ಕಳಿಗೆ ಸೈಕಲ್, ಕಲಿಕೆ ಮತ್ತು ರಿಪೇರಿ ಮೂರೂ ಸೇರಿದ ಯೋಜನೆಗೆ ಒಂದು ಪಾಲು ತೆಗೆದಿಡಲಿ. ಶಾಲೆಯ ಹುಡುಗಿಯರ ಜೊತೆ ಆಶಾ, ಅಂಗನವಾಡಿ, ಮಿಲ್ಲಿನ ಹೆಂಗಸರಿಗೂ ಕೊಡಲಿ. ಸೈಕಲ್ ಅವರ ಹೆಸರಿಗೇ ಇರಲಿ. ಇದನ್ನು ಮಠಾಧೀಶರು ಕೇಳಿದರೆ ಯಾವ ಮಂತ್ರಿಯೂ ತೆಗೆದುಹಾಕಲಾರ.

ಮತ್ತೆ ಬರುತ್ತೇವೆ

ಅಂಗಳ ಸಿಗದ ಮೇಲೆ ನಾವು ಸುಮ್ಮನೆ ಕೂಡಲಿಲ್ಲ. ಒಂದು ಬಡಾವಣೆಯ ಖಾಲಿ ಜಾಗದಲ್ಲಿ, ಜಾಲಿ ಕಡಿದು, ಕಲ್ಲು ಆರಿಸಿ, ನಾಲ್ವರು ಶುರು ಮಾಡಿದೆವು. ಐವತ್ತು ವರ್ಷ ಬಿಟ್ಟಿದ್ದ ಸೈಕಲ್ಲನ್ನು ನಾನು ಮತ್ತೆ ಏರಿದೆ. ಮೊದಲ ದಿನ ಬಿದ್ದೆ, ಮೂರನೆಯ ದಿನ ಕೈಕಾಲಿಗೆ ಎಲ್ಲ ನೆನಪಾಯಿತು. ಈಗ ಹನ್ನೊಂದು ಮಂದಿ ಕಲಿತಿದ್ದಾರೆ. ಅವರಲ್ಲಿ ಒಬ್ಬಳು ಮಿಲ್ಲಿಗೆ ಸೈಕಲ್ಲಿನಲ್ಲೇ ಹೋಗುತ್ತಾಳೆ. ಅವಳ ಗಂಡ ಮೊದಲು ಬೈದ. ಈಗ ಅವನೇ ಭಾನುವಾರ ಚೈನಿಗೆ ಎಣ್ಣೆ ಬಿಡುತ್ತಾನೆ.

ನನ್ನ ಮಗಳು ಪುಣೆಯಲ್ಲಿದ್ದಾಳೆ. ಫೋನಿನಲ್ಲಿ ಹೇಳಿದೆ: "ನಾ ಅವತ್ತ ಟ್ರಾಫಿಕ್ ಅಂತ ಸುಳ್ಳು ಹೇಳಿದ್ದೆ ತಂಗಿ." ಅವಳು ತುಸು ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದಳು: "ನಂಗ ಅವತ್ತೇ ಗೊತ್ತಿತ್ತವ್ವಾ." ಅವಳ ಮಗಳಿಗೆ ಈಗ ಹತ್ತು. ಸೈಕಲ್ ಚೆನ್ನಾಗಿ ಹೊಡೆಯುತ್ತಾಳೆ. ಎರಡು ಮೂರು ವರ್ಷದಲ್ಲಿ ಅವಳೂ ದೊಡ್ಡವಳಾಗುತ್ತಾಳೆ. ಆ ದಿನ ಯಾರೂ ಅವಳ ಕೈ ಹಿಡಿದು ನಿಲ್ಲಿಸಬಾರದು.

ಈ ಶ್ರಾವಣಕ್ಕೆ ಅದೇ ಮಠದ ಬಾಗಿಲಿಗೆ ನಾವು ಮತ್ತೆ ಹೋಗುತ್ತೇವೆ. ಮುಂಜಾನೆ ಆರಕ್ಕೆ, ಹನ್ನೊಂದು ಹೆಣ್ಣುಮಕ್ಕಳು, ಐದು ಸೈಕಲ್. ಹಿರಿಯರಲ್ಲಿ ನನ್ನ ವಿನಂತಿ ಒಂದೇ. ಆ ಹೊತ್ತಿಗೆ ಬೈಕುಗಳೂ ಇರುವುದಿಲ್ಲ, ಅಂಗಳ ಖಾಲಿಯೇ ಇರುತ್ತದೆ. ಗೇಟು ತೆಗೆಸಿಡಿ.

ನಿವೃತ್ತ ಶಿಕ್ಷಕಿ, ಶಹಾಬಜಾರ, ಕಲಬುರಗಿ